ಬಾಯಿ ಕಟ್ಟದ ಬುಟ್ಟಿ

ಕೊಗ್ಗ ಎಂಬ ಹೆಸರು ಎಲ್ಲ ಜಾತಿಗೂ ಸಲ್ಲುತ್ತದೆ. ಕರಾವಳಿಯಲ್ಲಿ ದೊಡ್ಡ ಮನೆಯ ಕೊಗ್ಗ ಇದ್ದಾನೆ, ಅಂಗಡಿಯ ಕೊಗ್ಗ ಇದ್ದಾನೆ, ದನದ ಹಟ್ಟಿ ತೊಳೆಯುವ ಕೊಗ್ಗನೂ ಇದ್ದಾನೆ. ಹಾಗಾಗಿ ಮಸ್ಕತ್ತಿನ ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನಲ್ಲಿ, ಕೊಗ್ಗನೊಬ್ಬನ ತುಳು ಕಿವಿಗೆ ಬಿದ್ದು ಹತ್ತಿರ ಬಂದ ವಾರಿಜಾಕ್ಷಿಗೆ ಬರೀ ಹೆಸರು ಸಾಕಾಗಲಿಲ್ಲ.

"ಊರು ಯಾವುದು ನಿಂದು?"

"ಕೆಂಜಪಲ್ಕೆ, ಅಕ್ಕ."

"ಅಯ್ಯೋ, ನಮ್ಮವರ ಮನೆ ಅಲ್ಲೇ ಅಲ್ವಾ ಮಾರಾಯ, ಗುಡ್ಡೆಯ ಬುಡದಲ್ಲಿ! ಬರಿ ಯಾವುದು?"

ಬರಿ ಎಂದರೆ ತಾಯಿಯಿಂದ ಬರುವ ಬಳಿ, ಗೋತ್ರದ ಹಾಗೆ. ತುಳುವರು ಜಾತಿಯನ್ನು ನೇರವಾಗಿ ಕೇಳುವುದಿಲ್ಲ, ಅಷ್ಟು ಮರ್ಯಾದೆ ಉಂಟು. ಬರಿ ಕೇಳುತ್ತಾರೆ. ಕೊಗ್ಗ ತನ್ನ ತಾಯಿಯ ಬರಿ ಹೇಳಿದ. ಅದು ಸುಳ್ಳಲ್ಲ. ಆ ಹೆಸರಿನ ಬರಿ ವಾರಿಜಾಕ್ಷಿಯ ಜಾತಿಯಲ್ಲಿಯೂ ಇತ್ತು, ಕೊಗ್ಗನ ಜಾತಿಯಲ್ಲಿಯೂ ಇತ್ತು. ಕೊರಗರಿಗೂ ಬರಿ ಇರುತ್ತದೆ ಎಂಬುದು ಮಾತ್ರ ಆಕೆಗೆ ಗೊತ್ತಿರಲಿಲ್ಲ.

"ಹಾಗಾದ್ರೆ ನಮ್ಮದೇ ಬರಿ, ನಂಗೆ ತಮ್ಮನೇ ಆಯ್ತು ನೀನು!" ಎಂದು ಅವಳು ಮಾರ್ಕೆಟ್ಟಿನ ನಡುವೆ ಅವನ ಕೈ ಹಿಡಿದಳು.

ಕೊಗ್ಗ ಆಗ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನ ತಾಯಿ, ತಂಗಿ, ಅಜ್ಜಿ ಯಾರ ಕೈಯನ್ನೂ ಅಷ್ಟು ಬೆಲೆಯ ಸೀರೆಯುಟ್ಟ ಹೆಂಗಸು ಹಿಡಿದದ್ದಿಲ್ಲ. ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

ಗಂಡ ಪ್ರೇಮನಾಥನಿಗೂ ಗುರುತು ಸಿಗಲಿಲ್ಲ. ಕೊರಗರ ಕಾಲನಿ ಗುಡ್ಡೆಯ ಆಚೆ ಬದಿ. ಈಚೆಯವರು ಅಲ್ಲಿಯವರ ಬೆನ್ನು ನೋಡಿದ್ದಾರೆ, ಹಟ್ಟಿಯಲ್ಲಿ ಬಗ್ಗಿದ್ದಾಗ. ಮುಖ ನೋಡಿದವರಿಲ್ಲ.

ರುಸೈಲ್‌ನ ಕಾರ್ಖಾನೆಯಲ್ಲಿ ಕೊಗ್ಗ ಮಾಡುತ್ತಿದ್ದದ್ದು ಬುಟ್ಟಿಯನ್ನೇ. ಪ್ಲಾಸ್ಟಿಕ್ ಬುಟ್ಟಿ. ಮಷಿನ್ ತೆರೆಯುತ್ತದೆ, ಬಿಸಿ ಬುಟ್ಟಿ ಬೀಳುತ್ತದೆ. ಹಿಡಿಯಬೇಕು. ಅಂಚಿಗೆ ಅಂಟಿದ ಎಳೆಗಳನ್ನು ಚೂರಿಯಿಂದ ಹೆರೆಯಬೇಕು. ಹೆರೆದು ಮುಗಿಸುವಷ್ಟರಲ್ಲಿ ಇನ್ನೊಂದು ಬೀಳುತ್ತದೆ. ಕೈಗೆ ಗ್ಲೌಸ್ ಹಾಕಿದರೆ ಚೂರಿ ಜಾರುತ್ತದೆ, ಹಾಕದಿದ್ದರೆ ಚರ್ಮ ಏಳುತ್ತದೆ. ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿ ಹಾಜರಿಯ ಯಂತ್ರ ಅವನ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ಫೋರ್‌ಮನ್ ಬೈಯುತ್ತಿದ್ದದ್ದು ಅವನನ್ನು, ಯಂತ್ರವನ್ನಲ್ಲ. ಊರಿನಲ್ಲಿ ತಾಯಿ ಅಂಗಾರೆ ನೇಯುವ ಬಳ್ಳಿಯ ಬುಟ್ಟಿಗೆ ಗಿರಾಕಿ ಇಲ್ಲದಂತೆ ಮಾಡಿದ್ದು ಇಂಥ ಬುಟ್ಟಿಗಳೇ. ಅದನ್ನು ಯೋಚಿಸದೆ ಇರಲು ಕೊಗ್ಗ ಕಲಿತಿದ್ದ. ಯೋಚನೆಗೆ ಕೂತರೆ ಕೈ ಸುಡುತ್ತದೆ.

ಪ್ರೇಮನಾಥ ಅದೇ ಕಂಪನಿಯ ಅಲ್ ಖುವೈರ್ ಆಫೀಸಿನಲ್ಲಿ ಮ್ಯಾನೇಜರ್. ಅವನ ಒಂದೇ ಫೋನಿಗೆ ಕೊಗ್ಗ ಮಷಿನ್ ಬಿಟ್ಟು ಪ್ಯಾಕಿಂಗ್‌ಗೆ ಬಂದ. ಕೈಯ ಗುಳ್ಳೆಗಳು ಒಣಗಿದವು.

ಶುಕ್ರವಾರಗಳಲ್ಲಿ ಅವರ ಮನೆಗೆ ಊಟಕ್ಕೆ ಕರೆ ಬರತೊಡಗಿತು. ಮೊದಲ ದಿನ ಅವನು ತಟ್ಟೆ ಹಿಡಿದು ಬಾಲ್ಕನಿಯ ಕಡೆಗೆ ಹೋಗಿ ನೆಲದಲ್ಲಿ ಕೂತುಬಿಟ್ಟಿದ್ದ. ಕಾಲು ತಾನಾಗಿಯೇ ಹೋಗಿತ್ತು. "ಎಂತ ನಾಚಿಕೆ ಮಾರಾಯ, ಮೇಲೆ ಬಾ" ಎಂದು ವಾರಿಜಾಕ್ಷಿ ನಕ್ಕಳು. ಅವನು ಕುರ್ಚಿಯಲ್ಲಿ ಕೂತ. ಕೋಳಿಸಾರಿನಲ್ಲಿ ನೆನೆದ ಕೋರಿರೊಟ್ಟಿಯನ್ನು ತಲೆ ಎತ್ತದೆ ಉಂಡ. ಉಂಡ ಅಷ್ಟೂ ಹೊತ್ತು ಯಾರೋ ಹಿಂದಿನಿಂದ ಬಂದು ಕಾಲರ್ ಹಿಡಿಯುತ್ತಾರೆ ಎಂದು ಅವನ ಕುತ್ತಿಗೆ ಕಾಯುತ್ತಿತ್ತು.

ಪ್ರೇಮನಾಥನ ಗೆಳೆಯರದ್ದೊಂದು 'ಹಸಿರು ಕರಾವಳಿ' ಬಳಗ. ಅದರ ಕಾರ್ಯಕ್ರಮಗಳಲ್ಲಿ ಕುರ್ಚಿ ಹಾಕುವವನು ಕೊಗ್ಗ, ಬ್ಯಾನರ್ ಕಟ್ಟುವವನು ಕೊಗ್ಗ, ಊಟವಾದ ಮೇಲೆ ಎಲೆ ತೆಗೆಯುವವನೂ ಕೊಗ್ಗ. ಯಾರೂ ಹೇಳಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ ಕೂಡ. ಅವನ ಜಾತಿ ಅವರಿಗೆ ಗೊತ್ತಿರಲಿಲ್ಲ, ಆದರೆ ಎಲೆ ತೆಗೆಯುವವನು ಯಾರು ಎಂಬುದು ಹೇಗೋ ಗೊತ್ತಿತ್ತು.

ಆ ವರ್ಷ ಬಳಗ ಹಿಡಿದ ಕೆಲಸ 'ಕೆಂಜಪಲ್ಕೆ ಉಳಿಸಿ'. ಅದು ರಾಜ್ಯ ಮಟ್ಟದ ಆಂದೋಲನ. ಬೆಂಗಳೂರಿನಲ್ಲಿ ಮೆರವಣಿಗೆ, ಮಂತ್ರಿಗೆ ಮನವಿ, ಜಿಲ್ಲೆಜಿಲ್ಲೆಗಳ ಪರಿಸರ ಸಂಘಗಳ ಬೆಂಬಲ. ಕೆಂಜಪಲ್ಕೆಯ ಕಾಡನ್ನು ರಕ್ಷಿತ ತಾಣ ಎಂದು ಸರಕಾರ ಘೋಷಿಸಬೇಕು ಎಂಬುದು ಬೇಡಿಕೆ. ಪ್ರೇಮನಾಥ ಕಳ್ಳನಲ್ಲ. ತನ್ನ ಮನೆಯ ಹಿಂದಿನ ಒರತೆ ಬತ್ತಿದ್ದನ್ನು ಹೇಳುವಾಗ ಅವನ ದುಃಖ ನಿಜವೇ ಆಗಿತ್ತು. ಆದರೆ ಒರತೆ ಬತ್ತಿದ್ದು ಯಾಕೆ ಎಂಬುದು ಊರಿನ ದನಕ್ಕೂ ಗೊತ್ತಿತ್ತು. ಗುಡ್ಡೆಯ ಅರ್ಧವನ್ನು ಕಲ್ಲಿನ ಕೋರೆ ತಿಂದು ಮುಗಿಸಿತ್ತು. ಬಳಗದ ಟೀಶರ್ಟಿನ ಎದೆಯ ಮೇಲೆ 'ಕಾಡು ಉಳಿಸಿ' ಎಂದಿತ್ತು, ಬೆನ್ನ ಮೇಲೆ ಟೀಶರ್ಟು ಕೊಡಿಸಿದ ಕೋರೆಯ ಧಣಿಯ ಹೆಸರಿತ್ತು. ಕೊಗ್ಗನೂ ಅದನ್ನು ಹಾಕಿಕೊಂಡ. ಹೊಸ ಬಟ್ಟೆ, ಅಳತೆಗೆ ಸರಿಯಾಗಿತ್ತು.

ಮಂತ್ರಿಗೆ ತೋರಿಸಲು ಒಂದು ವಿಡಿಯೊ ಬೇಕಾಯಿತು. "ದೊಡ್ಡವರು ಮಾತಾಡಿದ್ರೆ ಯಾರೂ ನಂಬುದಿಲ್ಲ. ಊರಿನ ಬಡವ ಹೇಳ್ಬೇಕು" ಎಂದ ಪ್ರೇಮನಾಥ. ಎಲ್ಲರೂ ಕೊಗ್ಗನನ್ನು ನೋಡಿದರು.

ಬಾಲ್ಕನಿಯ ತುಳಸಿಗಿಡದ ಪಕ್ಕ ಅವನನ್ನು ನಿಲ್ಲಿಸಿದರು. ಕಾರ್ಮಿಕರ ಕ್ಯಾಂಪಿನಲ್ಲಿ ಕೊಗ್ಗನ ರೂಮಿನವನೇ ಆದ ನೊರ್ಬರ್ಟ್, ಕಂಪನಿಯ ಡ್ರೈವರ್, ಎದುರು ಫೋನು ಹಿಡಿದು ನಿಂತ; ಬಳಗಕ್ಕೆ ಫೋಟೊ ವಿಡಿಯೊ ಮಾಡುವವನೂ ಅವನೇ. ಹೇಳಬೇಕಾದ ಮಾತನ್ನು ಪ್ರೇಮನಾಥ ಬಾಯಿಪಾಠ ಮಾಡಿಸಿದ.

'ನಾನು ಕೆಂಜಪಲ್ಕೆಯವನು. ಬುಟ್ಟಿ ನೇಯುವವರು ಬಳ್ಳಿಯನ್ನು ಬೇರುಸಮೇತ ಕಿತ್ತು ನಮ್ಮ ಕಾಡನ್ನು ಬೋಳು ಮಾಡುತ್ತಿದ್ದಾರೆ. ನಾನು ಕಣ್ಣಾರೆ ಕಂಡಿದ್ದೇನೆ.'

"ಬೇರು ಕೀಳುದಿಲ್ಲ ಅಲ್ವಾ ಅಣ್ಣ ಅವರು..." ಎಂದ ಕೊಗ್ಗ.

"ನಿನಗೆ ಹೇಗೆ ಗೊತ್ತು?"

ಪ್ರೇಮನಾಥ ಸುಮ್ಮನೆ ಕೇಳಿದ್ದು. ಅನುಮಾನದಿಂದ ಅಲ್ಲ. ಆದರೆ ಆ ಪ್ರಶ್ನೆಗೆ ಇದ್ದ ಉತ್ತರ ಒಂದೇ. ಅಡುಗೆಮನೆಯಿಂದ ವಾರಿಜಾಕ್ಷಿ, "ಬೇಗ ಮುಗ್ಸಿ, ಪಾಯಸ ತಣೀತದೆ. ತಮ್ಮಾ, ನಿಂಗೆ ದ್ರಾಕ್ಷಿ ಜಾಸ್ತಿ ಹಾಕಿದ್ದೇನೆ" ಎಂದಳು.

"ನ್ಯಾಚುರಲ್ ಆಗಿ ಹೇಳಿ ಅಂಕಲ್" ಎಂದಳು ಮಗಳು ಭವ್ಯಶ್ರೀ.

ಕೊಗ್ಗ ಹೇಳಿದ. ನ್ಯಾಚುರಲ್ ಆಗಿಯೇ ಹೇಳಿದ.

"ಖಲಾಸ್" ಎಂದು ನೊರ್ಬರ್ಟ್ ಫೋನು ಇಳಿಸಿದ.

ಸರಕಾರ ಘೋಷಿಸಿತು. ಪೇಪರಿನಲ್ಲಿ ಬಂತು. ಬಳಗದವರು ಸಿಹಿ ಹಂಚಿದರು. ಕೋರೆ ಗಡಿಯ ಹೊರಗೆ ಉಳಿಯಿತು, ಕೊರಗರ ಕಾಲನಿಯ ಹಿಂದಿನ ಬಳ್ಳಿಕಾಡು ಗಡಿಯ ಒಳಗೆ ಹೋಯಿತು.

ಆಮೇಲೆ ಒಂದು ದಿನ ಊಟದ ಬಿಡುವಿನಲ್ಲಿ ತಂಗಿ ಸುಗಂಧಿಯ ಫೋನು ಬಂತು, ಅಪ್ಪೆಯ ಬಗ್ಗೆ. ತಾಯಿಯನ್ನು ಅವರು ಅಪ್ಪೆ ಎನ್ನುತ್ತಿದ್ದರು.

"ಫಾರೆಸ್ಟ್ ಗಾರ್ಡಿನವರು ಬಂದಿದ್ದರು. ಬೇಲಿ ಹಾಕಿದ್ದಾರೆ. ಅಪ್ಪೆಯ ಕತ್ತಿ ತಕೊಂಡು ಹೋದರು. ತಂದಿಟ್ಟ ಬಳ್ಳಿ ಹೋಯ್ತು, ನೇಯ್ದಿಟ್ಟ ಬುಟ್ಟಿ ಎಲ್ಲಾ ಹೋಯ್ತು. ಕೈಯಲ್ಲಿ ನೇಯ್ತಾ ಇದ್ದದ್ದನ್ನೂ ಎಳ್ಕೊಂಡರು. ಅಪ್ಪೆ ಬಿಡ್ಲಿಲ್ಲ. ದೂಡಿದರು."

"ಬಿದ್ದಳಾ?"

"ಮೊಣಕೈ ತರಚಿದೆ" ಎಂದಳು ಸುಗಂಧಿ. "ನಿನ್ನ ವಿಡಿಯೊ ಕಾಲನಿಯಲ್ಲಿ ಎಲ್ಲರ ಫೋನಲ್ಲಿ ಉಂಟು."

ಕೊಗ್ಗನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅಪ್ಪೆ ನೋಡಿದಳಾ?"

"ನೋಡದೆ? ಮಗ ಗುಂಡಾಗಿದ್ದಾನೆ, ಬಣ್ಣ ಬಂದಿದೆ ಅಂತ ಎಲ್ಲರಿಗೂ ತೋರಿಸ್ತಾಳೆ. ನಾನು ಸೌಂಡ್ ತೆಗೆದು ತೋರಿಸಿದ್ದು." ಅವಳ ದನಿ ಗಡುಸಾಯಿತು. "ಬೆಳಗ್ಗೆ ಎದ್ದು ಹೇಳ್ತಾಳೆ, ನನ್ನ ಮಗ ದೊಡ್ಡವರ ಜೊತೆ ಇದ್ದಾನೆ, ಅವನಿಗೆ ಹೇಳು, ಅವರ ಹತ್ತಿರ ಒಂದು ಮಾತು ಹೇಳಿಸಿ ನನ್ನ ಕತ್ತಿ ಬಿಡಿಸಿ ಕೊಡ್ಲಿಕ್ಕೆ ಅಂತ. ಹೇಳಬೇಕಾ ಅಣ್ಣ ನಾನು? ಯಾರಿಂದ ಕತ್ತಿ ಹೋದದ್ದು ಅಂತ ಹೇಳಬೇಕಾ?"

ಕೊಗ್ಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಶಾಲೆಯಲ್ಲಿ ಗಾದೆ ಬರೆಸ್ತಿದ್ದರು, ನೆನಪುಂಟಾ? ಕೊಡಲಿ ಕಾವು ಕುಲಕ್ಕೆ ಮೃತ್ಯು. ಆಗ ನಂಗೆ ಅರ್ಥ ಆಗಿರ್ಲಿಲ್ಲ."

ಫೋನು ಇಟ್ಟಳು. ಕೊಗ್ಗ ತಟ್ಟೆಯ ಅನ್ನವನ್ನು ಕಸದ ಡಬ್ಬಿಗೆ ಹಾಕಿ ಕೈ ತೊಳೆದ. ನಲ್ಲಿಯ ನೀರು ಬೆಂಕಿಯಾಗಿತ್ತು. ಆದರೂ ಕೈ ತೆಗೆಯಲಿಲ್ಲ. ನೆಲ ಬಾಯಿ ಬಿಟ್ಟರೆ ಇಳಿದು ಹೋಗಬಹುದಿತ್ತು. ರುಸೈಲ್‌ನ ಕಾಂಕ್ರೀಟು ಯಾರಿಗೂ ಬಾಯಿ ಬಿಡುವುದಿಲ್ಲ.

ಹೇಳಬೇಕು, ಪ್ರೇಮನಾಥಣ್ಣನಿಗೆ ಹೇಳಲೇಬೇಕು ಎಂದುಕೊಂಡ. ಆ ಶುಕ್ರವಾರ ಹೋಗಿ ಉಂಡು ಬಂದ. ಹೇಳಲಿಲ್ಲ. ಇನ್ನೊಂದು ಶುಕ್ರವಾರವೂ ಹೋದ. ವಾರಿಜಾಕ್ಷಿ ತಟ್ಟೆಗೆ ಬಡಿಸುವಾಗ ಅವನ ಬಾಯಿ ತೆರೆಯಿತು, ಅನ್ನ ಹಾಕಿಕೊಂಡು ಮುಚ್ಚಿತು. ಕ್ಯಾಂಪಿಗೆ ಬಂದು ಬಚ್ಚಲಲ್ಲಿ ನಿಂತು ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಎನಿಸಿತು. ಬೇರೆ ಕೊರಗರು ಹೊಟ್ಟೆಗಿಲ್ಲದೆ ಬಗ್ಗಿದ್ದರು. ಇವನು ದ್ರಾಕ್ಷಿಗೆ ಬಗ್ಗಿದ್ದ.

ವಿಜಯೋತ್ಸವ ಅಲ್ ಖುವೈರ್‌ನ ಒಂದು ಹೋಟೆಲಿನ ಹಾಲ್‌ನಲ್ಲಿ, ಶುಕ್ರವಾರ ಮಧ್ಯಾಹ್ನ ಇತ್ತು. ಊರಿನವರೂ ನೋಡಲಿ ಎಂದು ಫೇಸ್‌ಬುಕ್ಕಿನಲ್ಲಿ ಲೈವ್. ನೊರ್ಬರ್ಟ್ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ನಿಂತಿದ್ದ. ಕೊಗ್ಗ ಬೆಳಗ್ಗಿನಿಂದ ಕುರ್ಚಿ ಎಳೆದು, ಬ್ಯಾನರ್ ಕಟ್ಟಿ, ಅದೇ ಟೀಶರ್ಟು ಹಾಕಿಕೊಂಡು ಬೆವರಿದ್ದ. ಆಂದೋಲನದ ಮುಖ ಎಂದು ಅವನಿಗೂ ಸನ್ಮಾನ ಇತ್ತು.

ವೇದಿಕೆಯ ಮೇಜಿನ ಮೇಲೆ ನೆನಪಿನ ಕಾಣಿಕೆಗಳು. ಬಳ್ಳಿಯ ಬುಟ್ಟಿಗಳು, ಒಂದೊಂದರಲ್ಲಿ ಒಂದೊಂದು ಗಿಡ. ಮೊನ್ನೆ ರಜೆಯಲ್ಲಿ ಊರಿಗೆ ಹೋದಾಗ ಪ್ರೇಮನಾಥ ತಂದದ್ದು.

"ಚೆಂದ ಉಂಟಲ್ವಾ? ಪ್ಲಾಸ್ಟಿಕ್ ಬೇಡ ಅಂತ ಇದು" ಎಂದ ಪ್ರೇಮನಾಥ. "ಫಾರೆಸ್ಟಿನವರು ಸೀಜ್ ಮಾಡಿ ರಾಶಿ ಹಾಕಿದ್ದರು. ಪರಿಚಯದವರು, ಕೊಟ್ಟರು. ಇನ್ನು ಇದು ಬೇಕೆಂದರೂ ಸಿಕ್ಕುದಿಲ್ಲ, ನೋಡು."

ಕೊಗ್ಗ ಮೇಜಿಗೆ ಬೆನ್ನು ಮಾಡಿ ನಿಂತ. ನೋಡಬಾರದು ಎಂದುಕೊಂಡ. ಭಾಷಣಗಳಾದವು. ಅತಿಥಿಗಳಿಗೆ ಬುಟ್ಟಿ ಸಂದಿತು. ಕೋರೆಯ ಧಣಿಯ ಭಾವ ಬಂದಿದ್ದ, ಅವನಿಗೂ ಒಂದು ಸಂದಿತು. ಆಮೇಲೆ ಮೈಕಿನಲ್ಲಿ ಕೊಗ್ಗನ ಹೆಸರು ಬಂತು. ಚಪ್ಪಾಳೆ. ವಾರಿಜಾಕ್ಷಿ ಹೆಗಲಿಗೆ ಶಾಲು ಹೊದಿಸಿದಳು. ಪ್ರೇಮನಾಥ ಅವನ ಕೈಗೆ ಬುಟ್ಟಿ ಇಟ್ಟ.

ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಅಂಗೈಗೆ ಎಳೆಗಳು ಚುಚ್ಚಿದವು.

ಬುಟ್ಟಿ ನೇಯುವವರು ಕೊನೆಗೆ ಮಾಡುವ ಕೆಲಸಕ್ಕೆ ಬಾಯಿ ಕಟ್ಟುವುದು ಎನ್ನುತ್ತಾರೆ. ಎದ್ದು ನಿಂತ ಎಳೆಗಳನ್ನೆಲ್ಲ ಬಗ್ಗಿಸಿ, ಒಂದರೊಳಗೊಂದು ಸಿಕ್ಕಿಸಿ ಅಂಚು ಮುಗಿಸುವುದು. ಈ ಬುಟ್ಟಿಯ ಬಾಯಿ ಕಟ್ಟಿರಲಿಲ್ಲ. ಅರ್ಧ ಸುತ್ತು ಆಗಿತ್ತು, ಅರ್ಧ ಹಾಗೇ ನಿಂತಿತ್ತು. ಮುಗಿದ ಅರ್ಧದಲ್ಲಿ ಎಳೆಗಳು ಎಡಕ್ಕೆ ತಿರುಗಿದ್ದವು. ಅಂಗಾರೆಯ ಬಲಗೈ ಹೆಬ್ಬೆರಳು ಮೊಂಡು. ಕಾಲನಿಯಲ್ಲಿ ಎಡಕ್ಕೆ ತಿರುಗಿಸುವವಳು ಅವಳೊಬ್ಬಳೇ.

ಕೈಯಲ್ಲಿ ನೇಯ್ತಾ ಇದ್ದದ್ದನ್ನೂ ಎಳ್ಕೊಂಡರು ಎಂದಿದ್ದಳು ಸುಗಂಧಿ.

"ಎರಡು ಮಾತು ಹೇಳು ತಮ್ಮಾ" ಎಂದಳು ವಾರಿಜಾಕ್ಷಿ, ಮೈಕು ಅವನ ಕಡೆ ತಿರುಗಿಸಿ. "ವಿಡಿಯೊದಲ್ಲಿ ಹೇಳಿದ್ದನ್ನೇ ಹೇಳು, ಸಾಕು."

ಕೊಗ್ಗ ಬಾಯಿ ತೆರೆದ. ಮೈಕು ಕಿರುಚಿತು. ಯಾರೋ ನಕ್ಕರು.

"ಇದು ಮುಗಿದಿಲ್ಲ" ಎಂದ.

"ಎಂತ?"

"ಈ ಬುಟ್ಟಿ. ಬಾಯಿ ಕಟ್ಟಿಲ್ಲ. ಕಟ್ಟುವ ಮೊದಲು ಎಳ್ಕೊಂಡು ಬಂದಿದ್ದಾರೆ." ಅವನು ಬುಟ್ಟಿಯನ್ನು ಎತ್ತಿ ಹಿಡಿದ. "ಇದು ನನ್ನ ಅಪ್ಪೆ ನೇಯ್ದದ್ದು. ಅಪ್ಪೆಯ ಹೆಸರು ಅಂಗಾರೆ. ನಾವು ಕೊರಗರು."

ಕೊಗ್ಗ ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಬೇರುಸಮೇತ ಕೀಳ್ತಾರೆ ಅಂತ ನಾನು ಹೇಳಿದೆ. ಸುಳ್ಳು. ಅಪ್ಪೆ ಬೇರು ಮುಟ್ಟುದಿಲ್ಲ. ಮುಟ್ಟಿದ್ರೆ ಮುಂದಿನ ವರ್ಷ ಎಂತದನ್ನು ನೇಯುದು? ನಾನು ಕಣ್ಣಾರೆ ಕಂಡದ್ದು ಕಲ್ಲಿನ ಕೋರೆಯನ್ನು. ಆ ಧಣಿಯ ಹೆಸರು ನನ್ನ ಬೆನ್ನಲ್ಲಿ ಉಂಟು. ಇಲ್ಲಿ ಎಲ್ಲರ ಬೆನ್ನಲ್ಲಿ ಉಂಟು."

"ನೊರ್ಬರ್ಟ್, ಲೈವ್ ಕಟ್ ಮಾಡು" ಎಂದ ಪ್ರೇಮನಾಥ, ತಗ್ಗಿದ ದನಿಯಲ್ಲಿ.

ನೊರ್ಬರ್ಟ್ ಫೋನಿನ ಹಿಂದೆ ನಿಂತೇ ಇದ್ದ. ಕೇಳಿಸಲಿಲ್ಲವೇನೋ ಎಂಬಂತೆ ನಿಂತಿದ್ದ.

"ಕಟ್ ಮಾಡು ಮಾರಾಯ!"

"ಬಟನ್ ಸಿಗ್ತಾ ಇಲ್ಲ ಸರ್" ಎಂದ ನೊರ್ಬರ್ಟ್.

ಕೊಗ್ಗ ಶಾಲು ತೆಗೆದ. ಮಡಚಿ ಮೇಜಿನ ಮೇಲಿಟ್ಟ. ಟೀಶರ್ಟನ್ನೂ ತಲೆಯ ಮೇಲಿಂದ ಎಳೆದು ತೆಗೆದ. ಒಳಗಿನ ಬನಿಯನ್ ತೂತಾಗಿತ್ತು. ಇಷ್ಟು ಜನರ ಮುಂದೆ ತೂತು ಬನಿಯನ್ನಿನಲ್ಲಿ ನಿಂತಾಗ ಮೈಯೆಲ್ಲ ಸುಟ್ಟಿತು, ಆದರೆ ಟೀಶರ್ಟಿನಷ್ಟು ಸುಡಲಿಲ್ಲ. ಬುಟ್ಟಿಯ ಗಿಡವನ್ನು ಕಿತ್ತೆಸೆಯಲಿಲ್ಲ. ಕುಂಡದ ಸಮೇತ ಎತ್ತಿ ಜೋಪಾನವಾಗಿ ಮೇಜಿನ ಮೇಲಿಟ್ಟ. ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಇಳಿದ.

ಮೆಟ್ಟಿಲ ಹತ್ತಿರ ಪ್ರೇಮನಾಥ ತೋಳು ಹಿಡಿದ. "ಕೊಗ್ಗ, ನಮಗೆ ಜಾತಿಗೀತಿ ಎಂತ ಇಲ್ಲ. ಮಸ್ಕತ್ತಿಗೆ ಬಂದ ಮೇಲೆ ಅದೆಲ್ಲ ಯಾರು ನೋಡ್ತಾರೆ? ಆದ್ರೆ ಸ್ಟೇಜಲ್ಲಿ ಹೀಗೆ ಮರ್ಯಾದೆ ತೆಗಿಬಾರ್ದು. ಬುಟ್ಟಿ ಬೇಕಾದ್ರೆ ಇನ್ನೊಂದು ಕೊಡುವ."

"ಅಪ್ಪೆಯ ಕತ್ತಿ ಬಿಡಿಸಿ ಕೊಡ್ತೀರಾ ಅಣ್ಣ?"

ಪ್ರೇಮನಾಥನ ಕೈ ಸಡಿಲಾಯಿತು. "ಅದು ಕಾನೂನು ಅಲ್ವಾ..."

ವಾರಿಜಾಕ್ಷಿ ಹಿಂದೆ ನಿಂತಿದ್ದಳು. ಶಾಲು ಹೊದಿಸಿದ ಕೈಗಳನ್ನು ಮೈಯಿಂದ ದೂರ ಹಿಡಿದಿದ್ದಳು. ಹಸಿ ಬಣ್ಣ ತಾಗಿದವರು ಹಿಡಿಯುವ ಹಾಗೆ. ಅದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೆಳಗಿಳಿಸುತ್ತಿದ್ದಳು, ಕೆಟ್ಟವಳಲ್ಲ.

"ನೀನು ಮೊದಲೇ ಹೇಳ್ಬೇಕಿತ್ತು" ಎಂದಳು. "ದೇವರ ಕೋಣೆಯ ದೀಪ ಹಚ್ಚಿಸಿದ್ದೆ ನಿನ್ನ ಕೈಯಲ್ಲಿ."

ತಮ್ಮಾ ಎನ್ನಲಿಲ್ಲ.

ಕೊಗ್ಗನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸಿನ ಒಂದು ತಮ್ಮಾ ಎಂಬ ಮಾತಿಗೆ ಹೆತ್ತವಳನ್ನು ಮಾರಿದೆನಲ್ಲ ಎಂದು ಹೇಸಿಗೆಯಾಯಿತು. "ಹೌದು ಅಕ್ಕ, ಮೊದಲೇ ಹೇಳ್ಬೇಕಿತ್ತು" ಎಂದ. "ವಿಡಿಯೊ ಮಾಡುವ ಮೊದಲು."

ಹೊರಗೆ ಬಿಸಿಲು ಕಪಾಳಕ್ಕೆ ಹೊಡೆಯಿತು. ಹೈವೇಯಲ್ಲಿ ಕಾರುಗಳು ಸಾಲಾಗಿ ಹೋಗುತ್ತಿದ್ದವು. ನಾಳೆ ಮತ್ತೆ ಮಷಿನ್‌ಗೆ ಹಾಕುತ್ತಾರೆ. ಹಾಕಲಿ. ಬಸ್ ನಿಲ್ದಾಣದ ನೆರಳಿನಲ್ಲಿ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಫೋನು ಬಂತು. ಸುಗಂಧಿ.

"ಅಪ್ಪೆ ನೋಡಿದಳು" ಎಂದಳು. "ಈಗ ಸೌಂಡ್ ಹಾಕಿಯೇ ತೋರಿಸಿದೆ. ಕಾಲನಿಯವರೆಲ್ಲ ಇದ್ದರು. ಸೋಮವಾರ ಎಲ್ಲರೂ ರೇಂಜರ್ ಆಫೀಸಿನ ಎದುರು ಕೂರ್ತೇವೆ. ನಿನ್ನ ಮಾತನ್ನು ಮೈಕಲ್ಲಿ ಹಾಕ್ತೇವೆ."

"ಹಾಕು. ಮೊದಲಿನದ್ದನ್ನೂ ಹಾಕು. ಎರಡೂ ಹಾಕು."

"ಅಪ್ಪೆಗೆ ಕೊಡ್ತೇನೆ."

ಫೋನಿನಲ್ಲಿ ಉಸಿರು ಕೇಳಿಸಿತು.

"ಬೇರು ಕೀಳ್ತೇವೆ ಅಂದೆಯಾ ಮಗಾ?" ಎಂದಳು ಅಂಗಾರೆ.

"ಹೌದು ಅಪ್ಪೆ."

"ನಾನಾ?"

ಕೊಗ್ಗನ ತಲೆ ಬುಟ್ಟಿಯ ಮೇಲೆ ಬಾಗಿತು. ನಿಂತ ಎಳೆಗಳು ಹಣೆಗೆ ಚುಚ್ಚಿದವು. ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ಅಲ್ಲಿ ಎಷ್ಟು ಸಣ್ಣದಾಗಿ ಕೇಳಿಸುತ್ತದೆ ಎಂದು ತಿಳಿದು ಅದೂ ಬರಲಿಲ್ಲ. ಅವನು ಅತ್ತ. ಪಕ್ಕದಲ್ಲಿ ಕೂತ ಬಂಗಾಲಿಯೊಬ್ಬ ನೋಡಿ, ನೋಡದವನಂತೆ ರಸ್ತೆಯ ಕಡೆ ತಿರುಗಿದ.

ಅಂಗಾರೆ ಸಮಾಧಾನ ಹೇಳಲಿಲ್ಲ. ಬೈಯಲೂ ಇಲ್ಲ. ಅವಳ ದನಿ ಮುದಿಯಾಗಿತ್ತು.

"ಆ ಬುಟ್ಟಿ ಎಲ್ಲಿ ಉಂಟು?"

"ನನ್ನ ಹತ್ತಿರ."

"ಹಾಗೇ ಬಿಟ್ರೆ ಎಳೆ ಬಿಚ್ಚಿ ಹೋಗ್ತದೆ. ನೀರು ಹಾಕಿ ನೆನೆಸು. ಕಲಿ ಅಂದ್ರೆ ಓಡಿ ಹೋಗ್ತಿದ್ದೆ ನೀನು. ಬಾಯಿ ಕಟ್ಟಲಿಕ್ಕಾದರೂ ಬರ್ತದಾ ನಿಂಗೆ?"

ಕೊಗ್ಗ ಗೆರೆ ಸವೆದ ಬೆರಳುಗಳಿಂದ ಅವಳು ನಿಲ್ಲಿಸಿದ್ದ ಜಾಗವನ್ನು ಮುಟ್ಟಿದ.

"ನನ್ನ ಬಾಯಿ ಕಟ್ಟಲಿಕ್ಕೆ ಇಷ್ಟು ದಿನ ಬರ್ತಿತ್ತು ಅಪ್ಪೆ" ಎಂದ. "ಇನ್ನು ಬರೂದಿಲ್ಲ."